ನಾಲ್ಕನೆಯ ಕಿಟಕಿ

ಸಾನಿಕಾ, ಪ್ರಥಮ್, ಸತ್ತವರು ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ನಿಮ್ಮ ಅಜ್ಜ ತೀರಿಕೊಂಡ ವರ್ಷ ಬೇಲೆಕೇರಿಯ ನಮ್ಮ ಮನೆಯೆದುರು ನಡೆದದ್ದನ್ನು ನಿಮಗೆ ತಿಳಿಸಬೇಕು. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಮಳೆಗಾಲ. ಮೀನುಗಾರಿಕೆಗೆ ನಿಷೇಧವಿತ್ತು. ಹಳೆಯ ಬೋಟನ್ನು ಮನೆಯೆದುರಿನ ದಡಕ್ಕೆಳೆದು ತಾಡಪಾಲು ಹೊದಿಸಿದ್ದೆವು. ಚುಕ್ಕಾಣಿ ಹಿಡಿಯುವ ಕ್ಯಾಬಿನ್ನಿನ ನಾಲ್ಕು ಕಿಟಕಿಗಳೂ ಸೋರುತ್ತಿದ್ದವು. ಹಿಂದಿನ ವರ್ಷ ಆ ನೀರು ಇಳಿದು ನಡುಸಮುದ್ರದಲ್ಲಿ ವಯರ್‌ಲೆಸ್ ಕೆಟ್ಟು, ನಿಮ್ಮಪ್ಪ ಎರಡು ದಿನ ತಡವಾಗಿ ಬಂದಿದ್ದ. ಅಜ್ಜ ಇದ್ದಾಗ ಗಾಜಿನ ಸಂದಿಗೆ ಮೆತ್ತಿದ ಹಳೆಯ ಪುಟ್ಟಿಯನ್ನು ಪೂರ್ತಿ ಕೆರೆದು, ನೀರು ಹಿಡಿಯದಂತೆ ಮರಕ್ಕೆ ಗೇರೆಣ್ಣೆ ಕುಡಿಸಿ, ಒಣಗಿದ ಮೇಲೆ ಹೊಸ ಪುಟ್ಟಿ ತುಂಬುತ್ತಿದ್ದರು. ಈ ಸಲ ನಿಮ್ಮಪ್ಪ ಎಂಜಿನ್ ಕೆಲಸಕ್ಕೆಂದು ಕಾರವಾರದಲ್ಲಿ ನಾಲ್ಕು ದಿನ ಉಳಿದ. ಕಿಟಕಿ ನನ್ನ ಪಾಲಿಗೆ ಬಂತು.

ಮೂರನ್ನು ಸರಿಯಾಗಿಯೇ ಮಾಡಿದೆ. ಅಷ್ಟರಲ್ಲಿ ಎಣ್ಣೆ ಮುಗಿಯಿತು. ಉಳಿದದ್ದು ಚುಕ್ಕಾಣಿಯ ಎದುರಿನ ಕಿಟಕಿ. ಗಂಡ ಸತ್ತವಳು ಬೋಟು ಹತ್ತುವುದು ನಮ್ಮ ಕೇರಿಯಲ್ಲಿ ಹಲವರಿಗೆ ಸರಿಕಾಣುವುದಿಲ್ಲ. ಎದುರುಮನೆಯ ತುಳಸಿ ಜಗಲಿಯಲ್ಲಿ ಬಲೆ ಹೊಲಿಯುತ್ತ ಕೂತವಳು, “ಏನ್ ವೈನಿ, ಇನ್ನು ಬಲೆ ಬಿಡೂಕೂ ನೀನೇ ಹೋಗ್ತೆ ಕಾಣ್ತದೆ” ಎಂದಳು. ನನಗೆ ಬೇಗ ಇಳಿದುಹೋದರೆ ಸಾಕೆನಿಸಿತು. ಹಳೆಯ ಪುಟ್ಟಿಯ ಮೇಲೆಯೇ ಹೊಸದನ್ನು ಮೆತ್ತಿ, ಹಸಿರು ಬಣ್ಣ ಬಳಿದು, ತಾಡಪಾಲು ಬಿಗಿದು ಬಂದುಬಿಟ್ಟೆ.

ಗಂಜಿ ಉಂಡು, ಬೋಟಿನಲ್ಲೇ ಮರೆತ ಪುಟ್ಟಿ ಮೆತ್ತುವ ಚೂರಿ ತರಲು ಮತ್ತೆ ಹೋದೆ. ನಾನು ಕಟ್ಟಿದ ಗಂಟು ಹಾಗೆಯೇ ಇತ್ತು. ಒಳಗೆ ಆ ಕಿಟಕಿಯ ಪುಟ್ಟಿಯನ್ನೆಲ್ಲ ಯಾರೋ ಕೆರೆದು ಒಂದೆಡೆ ಗುಡ್ಡೆ ಹಾಕಿದ್ದರು. ಚೂರುಗಳ ಮೇಲೆ ನನ್ನ ಹಸಿರು ಬಣ್ಣ ಇನ್ನೂ ಹಸಿ. ಮರ ಗೇರೆಣ್ಣೆ ಕುಡಿದು ಕಪ್ಪಾಗಿತ್ತು. ಎಣ್ಣೆಯ ಡಬ್ಬಿ ಮಾತ್ರ ಖಾಲಿಯೇ. ಯಾರು ಹತ್ತಿದ್ದರು ಎಂದು ತುಳಸಿಯನ್ನು ಕೇಳಿದೆ. ನೀನೊಬ್ಬಳೇ, ಎಂದಳು.

ಸಂಜೆ ನಿಮ್ಮಪ್ಪ ಬಂದು, ತನ್ನಪ್ಪನ ಕೈಕೆಲಸವನ್ನೇ ಕಂಡವನಂತೆ ಆ ಮರದ ಮೇಲೆ ಬೆರಳಾಡಿಸಿದ. “ಆಯೀ, ಬಪ್ಪನ ಹಂಗೇ ಕೆರ್ದಿದ್ಯಲ. ಇನ್ನು ನಂಗೆ ಹೆದ್ರಿಕೆ ಇಲ್ಲ” ಎಂದ.

ನಾನು “ಹ್ಞೂಂ” ಎಂದೆ.

ಅದನ್ನು ಯಾರು ಮಾಡಿದರೋ ಇಂದಿಗೂ ತಿಳಿಯದು. ಒಬ್ಬಳ ಕುಹಕಕ್ಕೆ ಅಂಜಿ ಹೆತ್ತ ಮಗನನ್ನು ಸೋರುವ ಕಿಟಕಿಯ ಹಿಂದೆ ಕಡಲಿಗೆ ಕಳಿಸಲು ಹೊರಟಿದ್ದೆ ಎಂಬುದಷ್ಟೇ ನನಗೆ ಗೊತ್ತು. ಈ ಹಾಳೆಗಳನ್ನು ಜೋಪಾನವಾಗಿಡಿ. ನಿಮ್ಮಪ್ಪ ಓದಿ ಬೈದರೂ ಬೈಯಲಿ. ಅವನೆದುರು ಹೇಳಲು ನನಗೆ ಇವತ್ತಿಗೂ ಬಾಯಿ ಬಂದಿಲ್ಲ.