ಬೊಂಡಾಸ್ ಶೆಡ್ಡಿನ ಹನ್ನೊಂದು ರಾಜೀನಾಮೆಗಳು

ಮಧ್ಯಾಹ್ನದ ರೈಲು ಥಾಯ್ ದೇಶದ ಮಹಾಚೈ ಪೇಟೆಯನ್ನು ಸೀಳಿಕೊಂಡು ಹೋಗುವ ಹೊತ್ತಿಗೆ ಮಿ ಥೋ ಚಾನ್ ಪುಂಡಿ ಸೊಪ್ಪನ್ನು ಒಣ ಸೀಗಡಿಯ ಜೊತೆ ಹುರಿಯುತ್ತಿದ್ದಳು. ವಾರದ ದಿನ, ಅದೂ ಹಗಲಿನಲ್ಲಿ, ಒಲೆಯ ಮುಂದೆ ಕೂತು ಅಭ್ಯಾಸವಿಲ್ಲದ ಹೆಂಗಸು. ಹಾಗಾಗಿ ಸೊಪ್ಪು ಇಬ್ಬರಿಗೆ ಬೇಕಾದ್ದಕ್ಕಿಂತ ತುಂಬ ಹೆಚ್ಚಾಗಿತ್ತು. ಗಂಡ ನಾಯ್ ಸೈಕ್ ರೋತ್ ಮಂಜುಗಡ್ಡೆ ಕಾರ್ಖಾನೆಯಿಂದ ಊಟಕ್ಕೆ ಬಂದು ಚಾಪೆಯ ಮೇಲೆ ಕೂತಿದ್ದ.

“ಕೆಲಸ ಹೋಗಿದ್ದು ನಿಂದು, ಹೊಟ್ಟೆ ಬರ್ತಿರೋದು ನಂಗೆ,” ಎಂದ.

“ಬರಲಿ ಬಿಡಿ. ಮಂಜುಗಡ್ಡೆ ಹೊರೋರಿಗೆ ಸ್ವಲ್ಪ ಕೊಬ್ಬಿದ್ರೆ ಒಳ್ಳೇದು.”

ಕೆಲಸ ಹೋದ ಮೇಲೆ ಅವಳು ಮಂಕಾಗುತ್ತಾಳೆ ಎಂದುಕೊಂಡವರಿಗೆ ನಿರಾಸೆಯಾಗಿತ್ತು. ಅವಳು ಕಿಟಕಿಗೆ ಪರದೆ ಹೊಲಿದಳು, ವಠಾರದ ಮಕ್ಕಳ ತಲೆಗೆ ಎಣ್ಣೆ ಹಚ್ಚಿದಳು, ಹಗಲು ಮಲಗಿದರೆ ಹೇಗಿರುತ್ತದೆ ಎಂದು ಒಂದು ದಿನ ಮಲಗಿಯೂ ನೋಡಿದಳು. ಇನ್ನೊಬ್ಬ ಮಾಲೀಕ ಸಿಗುತ್ತಾನೆ ಎಂಬ ಧೈರ್ಯ ಇತ್ತು. ಮೀನು ಇರುವ ತನಕ ಮಹಾಚೈಯಲ್ಲಿ ಗಡಿ ದಾಟಿ ಬಂದ ಮೋನ್ ಜನಾಂಗದ ಹೆಂಗಸರ ಕೈಗೆ ಕೆಲಸ ತಪ್ಪುವುದಿಲ್ಲ ಎಂದು ಅವಳ ನಂಬಿಕೆ.

ಅವಳು ಸ್ಕ್ವಿಡ್ ಮೀನನ್ನು, ಎಂದರೆ ಬೊಂಡಾಸನ್ನು, ಸೀಳಿ ತೊಳೆಯುತ್ತಿದ್ದ ಶೆಡ್ಡು ಮುಚ್ಚಿದ್ದು ಹಿಂದಿನ ತಿಂಗಳು. ಹೊರದೇಶದ ಬೇಡಿಕೆ ಕುಸಿದಿತ್ತು, ದೋಣಿಗಳಲ್ಲಿ ಬೊಂಡಾಸೂ ಸರಿಯಾಗಿ ಬರುತ್ತಿರಲಿಲ್ಲ. ಮಾಲೀಕ ತೂಯ್ ಚೀನೀ ಮೂಲದ ಥಾಯ್. ಅಲ್ಲಿನ ವಾಡಿಕೆಯಂತೆ ಎಲ್ಲರೂ ಅವನನ್ನು ಹಿಯಾ, ಎಂದರೆ ಅಣ್ಣ, ಎಂದೇ ಕರೆಯುತ್ತಿದ್ದರು. ಸುದ್ದಿಯನ್ನು ಅವನು ಮೇಸ್ತ್ರಿಯ ಬಾಯಲ್ಲಿ ಹೇಳಿಸಲಿಲ್ಲ. ತಾನೇ ಬಂದು ಹೇಳಿದ, ಕಾನೂನಿನ ಪ್ರಕಾರ ಕೊಡಬೇಕಾದ್ದನ್ನು ಕೊಟ್ಟ, ಕೋಳಿ ಅನ್ನ ತರಿಸಿ ಬಡಿಸಿದ, ಬಡಿಸುವಾಗ ಅತ್ತ.

ಊಟವಾದ ಮೇಲೆ ಹೆಂಗಸರು ತಮ್ಮ ಕ್ರಮದಂತೆ ನಡೆದುಕೊಂಡರು. ಹಿರಿಯರನ್ನೋ ಅನ್ನ ಕೊಟ್ಟವರನ್ನೋ ಬಿಟ್ಟು ಹೊರಡುವಾಗ ಮೋನ್ ಜನ ಮಂಡಿಯೂರಿ, ಹಣೆಯನ್ನು ಮೂರು ಸಲ ನೆಲಕ್ಕೆ ಮುಟ್ಟಿಸಿ, ಮೈಯಿಂದ, ಬಾಯಿಂದ, ಮನಸ್ಸಿನಿಂದ ಆದ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬೇಡುತ್ತಾರೆ. ಹನ್ನೊಂದು ಜನ ಸಾಲಾಗಿ ಬಗ್ಗಿದರು. ಒಂದು ಗೊನೆ ಬಾಳೆಹಣ್ಣು, ಒಂದು ಹೊಸ ಟವೆಲ್ಲು ಮುಂದಿಟ್ಟರು. ತೂಯ್‌ಗೆ ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. “ಆಯ್ತು, ಆಯ್ತು, ಏಳ್ರಮ್ಮ, ನೆಲ ಒದ್ದೆ ಇದೆ,” ಎಂದ. ಶೆಡ್ಡಿನ ನೆಲ ಯಾವಾಗಲೂ ಒದ್ದೆಯೇ.

ಉದ್ಯೋಗ ಕಚೇರಿಗೆ ಹೋಗಿ ಹೆಸರು ಬರೆಸಿ ಎಂದು ಹೇಳಿದವನೂ ಅವನೇ. ಕೆಲಸ ಕಳೆದುಕೊಂಡವರಿಗೆ ಕೆಲವು ತಿಂಗಳು ಅರ್ಧದಷ್ಟು ಕೂಲಿ ಬರುತ್ತದೆ, ಅದಕ್ಕೆಂದೇ ತಿಂಗಳು ತಿಂಗಳು ನಿಮ್ಮ ಸಂಬಳದಲ್ಲಿ ಹಿಡಿಯುತ್ತಿದ್ದೆ ಎಂದ. ಥೋ ಚಾನ್ ಆ ಹಣವನ್ನು ಗುಡಿಯ ಹುಂಡಿಗೆ ಹಾಕಿದ್ದು ಎಂದುಕೊಂಡಿದ್ದಳು. ಹುಂಡಿಗೆ ಹಾಕಿದ್ದು ವಾಪಸು ಬರುತ್ತದೆ ಎಂದು ಕೇಳಿ ಅವಳಿಗೆ ಸ್ವಲ್ಪ ಸಂಕೋಚವೇ ಆಗಿತ್ತು.

ಕಚೇರಿಗೆ ಎಲ್ಲರೂ ಒಂದೇ ಗಾಡಿಯ ಹಿಂಬದಿಯಲ್ಲಿ ಕೂತು ಹೋದರು. ಕೆಲಸ ಯಾಕೆ ಹೋಯಿತು ಎಂದು ಅಲ್ಲಿ ಕೇಳುತ್ತಾರೆ ಎಂಬ ಸುದ್ದಿ ದಾರಿಯಲ್ಲಿ ಎದ್ದಿತು.

“ಹಿಯಾ ತೆಗೆದುಹಾಕಿದ್ರು ಅನ್ನೋದು ತಾನೆ?” ಎಂದಳು ಮಿ ನೋನ್. ಶೆಡ್ಡಿನಲ್ಲಿ ಚಾಕುವಿಗಿಂತ ಅವಳ ನಾಲಿಗೆ ಚೂಪು ಎಂದು ಹೆಸರು.

ಹಿರಿಯಳಾದ ಥೋ ಚಾನ್ ಒಪ್ಪಲಿಲ್ಲ. “ಮೊನ್ನೆ ತಾನೆ ಅವರ ಮುಂದೆ ಹಣೆ ನೆಲಕ್ಕಿಟ್ಟು ಬಂದಿದ್ದೀವಿ. ಇವತ್ತು ಸರ್ಕಾರದ ಮುಂದೆ ಅವರ ಮೇಲೆ ದೂರು ಹೇಳೋದಾ? ಉಂಡ ಮನೆಗೆ ಎರಡು ಬಗೆಯೋದು ಬೇಡ ಕಣ್ರೇ. ನಾವೇ ಬಿಟ್ವಿ ಅಂದ್ರಾಯ್ತು.”

ಹನ್ನೊಂದು ಜನರೂ ಹಾಗೇ ಹೇಳಿದರು. ಒಳ್ಳೆಯ ಕೆಲಸ ಮಾಡಿದ ನೆಮ್ಮದಿಯಲ್ಲಿ ಮನೆಗೆ ಬಂದರು.

ಪುಂಡಿ ಸೊಪ್ಪಿನ ಆ ಮಧ್ಯಾಹ್ನ ಬಾಗಿಲು ತಳ್ಳಿಕೊಂಡು ಬಂದವಳು ನೋನ್. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

“ಕಚೇರಿಯಿಂದ ಫೋನ್ ಬಂತು, ಅಕ್ಕ. ನಾಳೆ ಎಲ್ಲರೂ ಹೋಗ್ಬೇಕಂತೆ. ತಾವಾಗಿ ಬಿಟ್ಟವರಿಗೆ ದುಡ್ಡೂ ಕಡಿಮೆಯಂತೆ.”

“ಕಡಿಮೆಯಾದ್ರೆ ಆಗಲಿ.”

“ಪೂರ್ತಿ ಕೇಳು. ನಮ್ಮಂಥ ಹೊರದೇಶದ ಕೆಲಸದ ಕಾರ್ಡಿನೋರು ತಾವಾಗಿ ಬಿಟ್ರೆ ಇನ್ನೊಬ್ಬ ಮಾಲೀಕನ ಹತ್ರ ಸೇರೋ ಹಾಗಿಲ್ವಂತೆ. ಗಡಿ ದಾಟಿ ಊರಿಗೆ ಹೋಗ್ಬೇಕಂತೆ. ಮಾಲೀಕನೇ ತೆಗೆದಿದ್ರೆ ಮಾತ್ರ ಎರಡು ತಿಂಗಳ ಒಳಗೆ ಬೇರೆ ಕಡೆ ಸೇರಬಹುದು. ನಿನ್ನ ಪುಣ್ಯದ ಮಾತು ಕೇಳಿ ಹನ್ನೊಂದು ಜನ ಗಂಟು ಕಟ್ಟೋ ಹಾಗಾಯ್ತು ನೋಡು.”

ಸೈಕ್ ರೋತ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. “ಇನ್ನು ನಂಗೆ ಹೊಟ್ಟೆ ಬರೋ ಹಾಗೆ ಬೇಯಿಸೋರು ಯಾರು?” ಎಂದ. ಯಾರೂ ನಗಲಿಲ್ಲ. ಅವನ ಕಾರ್ಡಿಗೆ ಇನ್ನೂ ಎರಡು ವರ್ಷ ಆಯಸ್ಸಿತ್ತು. ಹೋಗುವುದಾದರೆ ಥೋ ಚಾನ್ ಒಬ್ಬಳೇ ಹೋಗಬೇಕು, ಮತ್ತೆ ಬರುವ ದಾರಿ ಯಾವಾಗ ತೆರೆಯುತ್ತದೋ ಹೇಳುವವರಿಲ್ಲ. ಮಿಕ್ಕ ಹತ್ತು ಜನರಲ್ಲಿ ಇಬ್ಬರು ಬಸುರಿಯರು. ಥೋ ಚಾನ್ ಒಲೆ ಆರಿಸಿದಳು. “ನಾನು ಹೇಳಿದ ಮಾತು, ನಾನೇ ಸರಿಮಾಡ್ತೀನಿ,” ಎಂದಳು. ಹೇಗೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಹನ್ನೊಂದು ಜನರೂ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಸುಪಾಣಿ ನಿವೃತ್ತಿಗೆ ಹತ್ತಿರವಾದ ಹೆಂಗಸು. ತೂಯ್‌ನನ್ನೂ ಅವಳು ಕರೆಸಿದ್ದಳು. ಅವನು ಮನೆಯ ಚಪ್ಪಲಿಯಲ್ಲೇ ಬಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದ.

“ಇಷ್ಟು ವರ್ಷದಲ್ಲಿ ನಾನು ನೋಡಿರೋದು ಒಂದೇ ಥರ,” ಎಂದಳು ಸುಪಾಣಿ. “ಮಾಲೀಕರು ‘ಅವರೇ ಬಿಟ್ರು’ ಅಂತಾರೆ, ಕೆಲಸದೋರು ‘ನಮ್ಮನ್ನ ಓಡಿಸಿದ್ರು’ ಅಂತ ಅಳ್ತಾರೆ. ಇಲ್ಲಿ ಮಾಲೀಕರು ನಾನೇ ತೆಗೆದೆ ಅಂತಾರೆ, ನೀವು ನಾವೇ ಬಿಟ್ವಿ ಅಂತೀರಿ. ಏನಿದು, ಮದುವೆ ಮನೇಲಿ ಉಪಚಾರ ಮಾಡ್ತಿದ್ದೀರಾ? ಅಕ್ಕ, ನೀವು ಹೇಳಿ. ಕೆಲಸದಿಂದ ತೆಗೆದಿದ್ದು ಯಾರು?”

ಮೇಜಿನ ಎದುರು ಕೂತಿದ್ದ ಥೋ ಚಾನ್ ಬಾಯಿ ತೆರೆದಳು, ಮೂಲೆಯತ್ತ ನೋಡಿದಳು, ಮುಚ್ಚಿದಳು.

“ಹೇಳೇ ಮಾರಾಯ್ತಿ,” ಎಂದ ತೂಯ್. “ನಾನೇ ತಾನೆ ತೆಗೆದಿದ್ದು!”

“ನಿಮ್ಮ ಮುಖದ ಮುಂದೆ ಹೇಗೆ ಹೇಳ್ಲಿ, ಹಿಯಾ?”

ತೂಯ್ ಎದ್ದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತ. “ಈಗ ಮುಖ ಇಲ್ಲ. ಹೇಳು.”

“ಬೆನ್ನ ಹಿಂದೆ ಹೇಳೋದು ಇನ್ನೂ ದೊಡ್ಡ ತಪ್ಪು.”

ನೋನ್ ಹಣೆ ಚಚ್ಚಿಕೊಂಡಳು. “ನಂಗೆ ಬಾಯಿದೆ ಮೇಡಂ. ಆದ್ರೆ ಹಿರಿಯಳು ಹೇಳದೆ ನಾನು ಹೇಳಿದ್ರೆ ವಠಾರದಲ್ಲಿ ನನ್ನ ಉಳಿಸ್ತಾರಾ? ಊರಿಗೆ ಹೋಗೋದೇ ಮೇಲು.”

ಸಾಲಿನ ಕೊನೆಯಲ್ಲಿ ನಿಂತಿದ್ದ ಬಸುರಿಯೊಬ್ಬಳು ಗೋಡೆಗೆ ಒರಗಿದ್ದಳು. ಥೋ ಚಾನ್ ಅವಳನ್ನು ನೋಡಿದಳು. “ಮೇಡಂ,” ಎಂದಳು, “ತಪ್ಪು ಹೇಳಿದ್ದು ನಾನು. ಇವರೆಲ್ಲ ನನ್ನ ಮಾತು ಕೇಳಿದೋರು. ಬೇಕಾದ್ರೆ ನಾನೊಬ್ಬಳೇ ಬಿಟ್ಟೆ ಅಂತ ಬರ್ಕೊಳ್ಳಿ, ಇವರನ್ನ ಉಳಿಸಿ. ಹಿಯಾ ಹೆಸರು ಮಾತ್ರ ನನ್ನ ಬಾಯಲ್ಲಿ ಬರಿಸಬೇಡಿ.”

ಸುಪಾಣಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಹೆಸರು ಬೇಡ ಬಿಡಿ. ಬೇರೆ ಕೇಳ್ತೀನಿ. ಶೆಡ್ಡು ಈಗ ತೆಗೆದ್ರೆ ನೀವು ಕೆಲಸಕ್ಕೆ ಹೋಗ್ತೀರಾ?”

“ಈಗಲೇ ಹೋಗ್ತೀನಿ.” ಥೋ ಚಾನ್ ಆಗಲೇ ಅರ್ಧ ಎದ್ದಿದ್ದಳು. “ಬೊಂಡಾಸ್ ಬಂತಾ, ಹಿಯಾ?”

“ಎಲ್ಲಿಂದ ಬರ್ತದೆ, ನನ್ನ ತಲೆ!” ಎಂದ ತೂಯ್ ಗೋಡೆಗೆ.

“ಸಾಕು,” ಎಂದಳು ಸುಪಾಣಿ. “ಇವರಿಗೆ ದುಡಿಯೋ ಮನಸ್ಸಿತ್ತು, ಆದ್ರೆ ಶೆಡ್ಡಲ್ಲಿ ಕೆಲಸ ಇರಲಿಲ್ಲ. ಇದು ನಿಜ ಅಲ್ವಾ? ಹೂಂ ಅನ್ನಿ. ಇದರಲ್ಲಿ ಯಾರ ಮೇಲೂ ದೂರಿಲ್ಲ. ಮಿಕ್ಕಿದ್ದನ್ನ ಮಾಲೀಕರು ಆಗಲೇ ಹೇಳಿದ್ದಾರೆ.”

ಥೋ ಚಾನ್ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡು ಕೇಳಿದಳು. ಒಳಗೆ ಯಾರಿಗೂ ಚುಚ್ಚುವ ಮುಳ್ಳಿಲ್ಲ ಎಂದು ಖಾತ್ರಿಯಾದ ಮೇಲೆ ಹೂಂ ಎಂದಳು. ಅವಳ ಹಿಂದೆ ಮಿಕ್ಕವರೂ ಹೂಂ ಎಂದರು. ನೋನ್‌ಳ ಹೂಂ ಹೊರಗಿನ ಬೀದಿಗೂ ಕೇಳಿಸಿತು. ಸುಪಾಣಿ ಹನ್ನೊಂದು ಅರ್ಜಿಗಳಲ್ಲೂ ‘ತಾವಾಗಿ ಬಿಟ್ಟರು’ ಎಂಬುದನ್ನು ಹೊಡೆದುಹಾಕಿದಳು.

ಹೊರಗೆ ಬಂದಾಗ ತೂಯ್ ಗೊಣಗುತ್ತಿದ್ದ. “ನಿಮ್ಮ ಮರ್ಯಾದೆ ಕಟ್ಟಿಕೊಂಡು ನಾನು ಗೋಡೆ ನೋಡೋ ಹಾಗಾಯ್ತು.”

“ನಿಮ್ಮ ಬೆನ್ನೇ ಚೆನ್ನಾಗಿದೆ, ಹಿಯಾ. ಮುಖಕ್ಕಿಂತ,” ಎಂದಳು ನೋನ್. ಈ ಸಲ ಥೋ ಚಾನ್ ಅವಳನ್ನು ಗದರಲಿಲ್ಲ. ತೂಯ್ ಎಲ್ಲರಿಗೂ ಐಸ್ ಹಾಕಿದ ಕಬ್ಬಿನ ಹಾಲು ಕೊಡಿಸಿದ. ಹೆಂಗಸರು ರಸ್ತೆಯ ಬದಿಯ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಕುಡಿದರು. ಬಸುರಿಯರಿಬ್ಬರಿಗೆ ಎರಡೆರಡು ಲೋಟ ಸಿಕ್ಕಿತು.

ತಾಚಿನ್ ಹೊಳೆಯ ಆಚೆ ದಡದಲ್ಲಿ ಒಣಮೀನಿನ ಅಂಗಳ ನಡೆಸುವ ವಿಧವೆಯೊಬ್ಬಳಿದ್ದಾಳೆ. ಅವಳದು ತಲೆಮಾರುಗಳ ಹಿಂದೆ ಅಲ್ಲಿ ನೆಲೆ ನಿಂತ ಮೋನ್ ಮನೆತನ. ಇಂದಿಗೂ ಅಜ್ಜಿಯರ ಕಾಲದ ಮೋನ್ ಮಾತಾಡುತ್ತಾಳೆ. ಹನ್ನೊಂದು ಜನರಲ್ಲಿ ನಾಲ್ವರನ್ನು ಅವಳು ಕೆಲಸಕ್ಕೆ ಕೇಳಿದ್ದಾಳೆ. ಮಿಕ್ಕವರಿಗೆ ಸುಪಾಣಿಯ ಕಚೇರಿ ಹುಡುಕುತ್ತಿದೆ, ಅಲ್ಲಿಯವರೆಗೆ ಅರ್ಧ ಕೂಲಿ ಬರುತ್ತದೆ. ಆ ನಾಲ್ವರಲ್ಲಿ ಮೊದಲಿಗೆ ಥೋ ಚಾನ್ ಮತ್ತು ನೋನ್ ಸೋಮವಾರ ಬೆಳಗಿನ ದೋಣಿಯಲ್ಲಿ ಹೊಳೆ ದಾಟಿ ಕೆಲಸಕ್ಕೆ ಸೇರುತ್ತಾರೆ. ಆ ದಿನದಿಂದ ಅವರಿಬ್ಬರಿಗೆ ಸರ್ಕಾರದ ಹಣ ನಿಲ್ಲುತ್ತದೆ, ಕಾರ್ಡಿನಲ್ಲಿ ಮಾಲೀಕರ ಹೆಸರು ಬದಲಾಗುತ್ತದೆ.