ಗಾಜಿನಕ್ಕ ಎಣ್ಣೆ ಆರಿಸಿದ ಬಗೆ

ಊರಿನಲ್ಲಿ ಯಾರ ಮನೆಯ ಕಿಟಕಿ ಒಡೆದರೂ ಮೊದಲು ನೆನಪಾಗುವುದು ಗಾಜಿನಕ್ಕ. ಕಾರ್ಖಾನೆಯಿಂದ ಗಾಜಿನ ಹಾಳೆಗಳನ್ನು ಪಿಕಪ್‌ಗೆ ಹೇರಿಕೊಂಡು ಗುಡ್ಡದ ಮೇಲಿನ ಅಂಗಡಿಗಳಿಗೆ ಮುಟ್ಟಿಸುವುದು ಅವಳ ಕೆಲಸ. ಹದಿನಾಲ್ಕು ವರ್ಷದಲ್ಲಿ ಅವಳ ಕೈಯಲ್ಲಿ ಒಡೆದದ್ದು ಮೂರೇ ಹಾಳೆ. ಅದರಲ್ಲೂ ಒಂದನ್ನು ಒಡೆದದ್ದು ಮೇಕೆ, ತಾನಲ್ಲ ಎಂದು ಇಂದಿಗೂ ಪಟ್ಟು ಹಿಡಿಯುತ್ತಾಳೆ.

ಅವಳಿಗೆ ಗಾಡಿ ಓಡಿಸಲು ಕಲಿಸಿದವನು ಸ್ವಂತ ಅಣ್ಣ. ಊರಿಗೆಲ್ಲ ಅವನು ಮೇಸ್ತ್ರಿ. ಗಾಡಿ ರಿಪೇರಿಯ ಶೆಡ್ಡು ಇಟ್ಟು ನಲವತ್ತು ವರ್ಷ ಕಳೆದಿದೆ. ಹೆಂಗಸಿಗ್ಯಾಕೆ ಸ್ಟೀರಿಂಗು ಎಂದು ಮೂಗು ಮುರಿದವರ ಎದುರಿಗೇ ತಂಗಿಯನ್ನು ಕೂರಿಸಿ, ಪಕ್ಕದಲ್ಲಿ ತಾನು ಕೂತು, ಊರೆಲ್ಲ ಮೂರು ಸುತ್ತು ಹಾಕಿಸಿದ್ದ. ಅಂಥ ಅಣ್ಣನ ಮಾತಿಗೆ ಎದುರಾಡುವುದು ಗಾಜಿನಕ್ಕನ ಜಾಯಮಾನದಲ್ಲೇ ಇರಲಿಲ್ಲ.

ಮೇಸ್ತ್ರಿಯದು ಒಂದೇ ಪದ್ಧತಿ. ಎಂಜಿನ್ ಸದ್ದು ಮಾಡಿತೋ, ಎಣ್ಣೆ ಒಂದು ನಂಬರ್ ದಪ್ಪ ಮಾಡು. ಎಣ್ಣೆಯನ್ನು ಎರಡು ಬೆರಳಿನ ನಡುವೆ ಉಜ್ಜಿ, ಕಣ್ಣು ಮುಚ್ಚಿ, ಸಂಗೀತ ಕೇಳುವವನ ಹಾಗೆ ತಲೆದೂಗಿ ತೀರ್ಪು ಕೊಡುತ್ತಿದ್ದ. ಹಳೆಯ ಕಾಲದ ಸವೆದ ಎಂಜಿನ್‌ಗಳಿಗೆ ಅದು ಒಗ್ಗಿತ್ತು ಕೂಡ. ಅವನ ಪ್ರೀತಿಯ ನಂಬರ್ 20W-50. ತಂಗಿ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋ ಇರುವ ಹೊಸ ಪಿಕಪ್ ತಂದಾಗ, ಬೇರೆಯವರು ಮುಟ್ಟಕೂಡದೆಂದು ಬೇರೆಯಾಗಿ ಇಟ್ಟಿದ್ದ ಡ್ರಮ್ಮಿನಿಂದ ಅದನ್ನೇ ತುಂಬಿದ. ಅಕ್ಕರೆಯಿಂದಲೇ ತುಂಬಿದ, ತೊಂದರೆ ಇದ್ದದ್ದೇ ಅಲ್ಲಿ.

ಎರಡನೆಯ ಚಳಿಗಾಲದ ಒಂದು ಬೆಳಗ್ಗೆ, ಗುಡ್ಡದ ಅರ್ಧದಲ್ಲಿ ಟರ್ಬೋ ಕಿರುಚಿ ಸುಮ್ಮನಾಯಿತು. ಹಿಂದಿನಿಂದ ನೀಲಿ ಹೊಗೆ ಎದ್ದಿತು. ಹೊಸ ಟರ್ಬೋ ಬರಲು ಮೂರು ವಾರ ಬೇಕೆಂದರು. ಕಾರ್ಖಾನೆಯ ಸೂಪರ್‌ವೈಸರ್ ಅಷ್ಟು ದಿನ ಬೇರೆ ಗಾಡಿ ಹಚ್ಚಿಕೊಂಡು, ಅವಳಿಗೆ ಮುಖಕ್ಕೇ ಹೇಳಿದ: “ಈ ಸಲ ಆಯ್ತು ಬಿಡಿ ಅಕ್ಕ. ಇನ್ನೊಂದು ಸಲ ಗಾಡಿ ನಿಂತ್ರೆ ಲೋಡು ಪೂರ್ತಿ ಆ ಗಾಡಿಯವರಿಗೇ ಹೋಗುತ್ತೆ.”

ಟರ್ಬೋ ಕೆಲಸ ಅಣ್ಣನ ಶೆಡ್ಡಿನಲ್ಲಿ ಆಗುವಂಥದ್ದಲ್ಲ; ಅದನ್ನು ಬಿಚ್ಚಿದ ಪೇಟೆಯ ರಿಪೇರಿಯವನು ಸುಟ್ಟು ನೀಲಿಗಟ್ಟಿದ್ದ ಅದರ ಸಣ್ಣ ಕಡ್ಡಿಯನ್ನು ಅವಳ ಅಂಗೈಯಲ್ಲಿಟ್ಟ.

“ಇದು ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತೆ. ಇದನ್ನ ಕಾಯೋದು ಎಣ್ಣೆಯ ಒಂದು ಪದರ ಅಷ್ಟೆ. ಬೆಳಗ್ಗೆ ಬೆಳಗ್ಗೆ ಎಣ್ಣೆ ಇಲ್ಲಿಗೆ ತಡವಾಗಿ ಬಂದಿದೆ, ಇದು ಒಣಗಿಕೊಂಡೇ ತಿರುಗಿದೆ. ಯಾರು ಹಾಕಿದ್ದು ಎಣ್ಣೆ?”

“ನಮ್ಮವರೇ,” ಎಂದಷ್ಟೇ ಹೇಳಿ ಅವಳು ಕಡ್ಡಿಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಳು.

ಅಂದು ಸಂಜೆಯೇ, ಎಳೆಸಿ ತಂದು ಅಂಗಳದಲ್ಲಿ ನಿಲ್ಲಿಸಿದ್ದ ಪಿಕಪ್‌ನ ಡ್ಯಾಶ್‌ಬೋರ್ಡಿನ ಖಾನೆಯಿಂದ, ಎರಡು ವರ್ಷದಿಂದ ಪ್ಲಾಸ್ಟಿಕ್ ಕವರಿನಲ್ಲೇ ಸುಖವಾಗಿ ಮಲಗಿದ್ದ ಗಾಡಿಯ ಪುಸ್ತಕವನ್ನು ಎಬ್ಬಿಸಿದಳು. ಎಣ್ಣೆಯ ಪುಟವನ್ನು ಐದು ಸಲ ಓದಿದಳು. ಮೊದಲ ನಂಬರ್ ಚಳಿಯದು: ಅದು ಕಡಿಮೆಯಾದಷ್ಟೂ ತಣ್ಣಗಿರುವ ಎಣ್ಣೆ ಬೇಗ ಹರಿಯುತ್ತದೆ. ಎರಡನೆಯದು ಕಾದ ಎಂಜಿನ್‌ನದು: ಅದು ಹೆಚ್ಚಾದಷ್ಟೂ ಬಿಸಿಯಲ್ಲೂ ಎಣ್ಣೆ ದಪ್ಪ ಉಳಿಯುತ್ತದೆ. ನಿಮ್ಮ ಊರಿನ ಚಳಿ ನೋಡಿ, ಹೊರುವ ಭಾರ ನೋಡಿ ಆರಿಸಿ ಎಂದು ಒಂದು ಪಟ್ಟಿ ಇತ್ತು. 20W-50 ಆ ಪಟ್ಟಿಯಲ್ಲೇ ಇರಲಿಲ್ಲ. ಅವಳಿಗೆ ಗಾಡಿಯ ಚಿಂತೆಗಿಂತ ಅಣ್ಣನ ಚಿಂತೆ ದೊಡ್ಡದಾಯಿತು.

ಆದರೆ ಹಿಡಿದ ಕೆಲಸ ಬಿಡುವವಳಲ್ಲ. ಮೂರು ವಾರವೂ ನಸುಕಿನಲ್ಲಿ ಎದ್ದು, ಪಿಕಪ್‌ನ ಕನ್ನಡಿಗೆ ನೇತುಹಾಕಿದ್ದ ಥರ್ಮಾಮೀಟರ್ ನೋಡಿ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಳು. ನಾಲ್ಕು ಡಿಗ್ರಿ, ಆರು, ಮೂರು.

“ಹವಾಮಾನ ಇಲಾಖೆಗೆ ಸೇರ್ಕೊಂಡ್ಯಾ?” ಎಂದ ಗಂಡ ಹೊದಿಕೆಯೊಳಗಿನಿಂದ.

“ಹೌದು. ನಿಮ್ಮ ಗೊರಕೆಗೂ ಒಂದು ಮೀಟರ್ ತರ್ತೀನಿ ಇರಿ.”

ಎಣ್ಣೆ ಅಂಗಡಿಯವನು ಅವಳ ಕೈಗೆ 0W-20 ಡಬ್ಬಿ ತುರುಕಲು ನೋಡಿದ. ಎಣ್ಣೆ ತೆಳು, ಡೀಸೆಲ್ ಉಳಿಯುತ್ತೆ, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದ.

“ಎಲ್ಲರೂ ಗಾಜು ಹೊತ್ತು ಗುಡ್ಡ ಹತ್ತಲ್ಲ. ತುಂಬಾ ಭಾರ ಹೊರೋ ಗಾಡಿಗೆ ಅಂತ ಪುಸ್ತಕದಲ್ಲಿ 5W-40 ಅಂತಿದೆ, ಅದು ಕೊಡಿ. ಇದೂ ಒಂದು ಸಣ್ಣದು ಇರಲಿ, ತೋರಿಸೋಕೆ ಬೇಕು.”

ಹೊಸ ಟರ್ಬೋ ಕೂರಿಸಿದ ಮರುದಿನ ಬೆಳಗ್ಗೆ, ಹಳೆಯ ಎಣ್ಣೆ ಬಸಿದಿದ್ದ ಗಾಡಿಯನ್ನು ಎಳೆಸಿಕೊಂಡು ಅಣ್ಣನ ಶೆಡ್ಡಿಗೆ ಹೋದಳು. ಮೇಸ್ತ್ರಿ ಆಗಲೇ ತನ್ನ ಡ್ರಮ್ಮಿನ ಪಕ್ಕ ಕ್ಯಾನು ಹಿಡಿದು ನಿಂತಿದ್ದ.

“ಅಣ್ಣ, ಸ್ವಲ್ಪ ತಡಿ.”

ಕತ್ತರಿಸಿ ಉಳಿದಿದ್ದ ಒಂದು ಕಿಟಕಿ ಗಾಜನ್ನು ಗೋಡೆಗೆ ಓರೆಯಾಗಿ ಆನಿಸಿದಳು. ಇರುಳೆಲ್ಲ ಚಳಿಯಲ್ಲಿದ್ದ ಡ್ರಮ್ಮಿನಿಂದ ಒಂದು ಚಮಚ, ಅಷ್ಟೇ ಚಳಿಯಲ್ಲಿ ಅಂಗಳದಲ್ಲಿಟ್ಟಿದ್ದ ತನ್ನ ಎರಡು ಡಬ್ಬಿಗಳಿಂದ ಒಂದೊಂದು ಚಮಚ ಎಣ್ಣೆಯನ್ನು ಗಾಜಿನ ಮೇಲಂಚಿನಲ್ಲಿ ಸುರಿದಳು. ಅಂಗಡಿಯವನು ಹೊಗಳಿದ 0W-20 ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿತ್ತು. 5W-40 ಅದರ ಬೆನ್ನಿಗೇ ಬಂತು. ಮೇಸ್ತ್ರಿಯ ಎಣ್ಣೆ ಅತ್ತೆಮನೆಗೆ ಹೊರಟ ಮಗಳ ಹಾಗೆ ಹೆಜ್ಜೆಗೊಮ್ಮೆ ನಿಂತು ನಿಂತು ಅರ್ಧ ದಾರಿಯಲ್ಲೇ ಉಳಿಯಿತು.

“ಆ ಮೊದಲನೇದು ನೀರು ಕಣೆ. ಗುಡ್ಡ ಹತ್ತುವಾಗ ಏನು ತಡೀತದೆ ಅದು?”

“ನೀನು ಹೇಳೋದು ಸರಿ. ಅದಕ್ಕೇ ಅದು ಬೇಡ ಅಂದೆ. ನಡುವಿನದು ಕಾದ ಮೇಲೂ ದಪ್ಪ ಉಳಿಯುತ್ತೆ, ಚಳೀಲೂ ಓಡುತ್ತೆ.”

ಮೇಸ್ತ್ರಿ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಗಾಜಿನಕ್ಕ ಸೆರಗಿನ ಗಂಟು ಬಿಚ್ಚಿ ಸುಟ್ಟ ಕಡ್ಡಿಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಹೊರಗೆ ಯಾರೋ ಹಾರ್ನ್ ಹೊಡೆದರೂ ತಲೆ ಎತ್ತಲಿಲ್ಲ.

“ಹಂಗಾದ್ರೆ ಹಳೇ ಟರ್ಬೋನ ಕೆಡಿಸಿದ್ದು ನಾನೇ.”

ಧೂಳು, ರಸ್ತೆ, ಹಣೆಬರಹ ಎಂದು ಹೇಳಿ ತೇಲಿಸಿಬಿಡಲು ಅವಳು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಆದರೆ ಈಗ ಸುಳ್ಳು ಹೇಳಿದರೆ ನಾಳೆ ಇನ್ನೊಬ್ಬರ ಗಾಡಿಗೂ ಅದೇ ಡ್ರಮ್ಮು.

“ಹೌದಣ್ಣ,” ಎಂದಳು.

ಅವನು ಎದ್ದು ಕೈಚಾಚಿ ಡಬ್ಬಿ ಇಸಿದುಕೊಂಡ. ತಾನೇ 5W-40 ತುಂಬಿದ, ಅಳತೆಕಡ್ಡಿ ಅದ್ದಿ ಎಣ್ಣೆಯ ಮಟ್ಟ ನೋಡಿದ, ಮುಚ್ಚಳ ಬಿಗಿ ಮಾಡಿದ. ತಂಗಿ ಗಾಡಿ ಶುರು ಮಾಡಿ, ಎಣ್ಣೆ ಎಲ್ಲ ಕಡೆ ಮುಟ್ಟಲೆಂದು ಆಕ್ಸಲರೇಟರ್ ಮುಟ್ಟದೆ ಕಾಯುತ್ತಾ ಕೂತಳು. ಎಂಜಿನ್ ಹದವಾಗಿ ಗುರುಗುಟ್ಟುತ್ತಿತ್ತು. ಅಣ್ಣ ಹೋಗಿ ಡ್ರಮ್ಮಿನ ಪಕ್ಕ ನಿಂತು ಫೋನ್ ತೆಗೆದು ನಂಬರ್ ಒತ್ತಿದ. ಟರ್ಬೋ ಇರುವ ಇನ್ನೂ ನಾಲ್ಕು ಗಾಡಿಗಳು ಅವನ ಕೈಯಲ್ಲಿ ಎಣ್ಣೆ ಹಾಕಿಸಿಕೊಂಡು ಹೋಗಿದ್ದವು.

“ಇವತ್ತೇ ಗಾಡಿ ತಗೊಂಡು ಬಾಪ್ಪಾ,” ಎಂದ ಮೇಸ್ತ್ರಿ. “ಇಲ್ಲ, ಗಾಡೀದೇನೂ ತಪ್ಪಿಲ್ಲ. ನಾನು ಹಾಕಿದ ಎಣ್ಣೆ ತಪ್ಪು.”