ಮೊಮ್ಮಗಳು ಕೊಟ್ಟ ಎಲೆ-ಅಡಿಕೆ

ನನ್ನ ಮಗನ ಮಗಳು ಅರ್ಥಶಾಸ್ತ್ರದಲ್ಲಿ ಡಾಕ್ಟರೇಟು ಮುಗಿಸಿ, ನೌಕರಿ ಹುಡುಕುತ್ತಿದ್ದವಳು, ದಸರೆ ಮುಗಿದ ಮೇಲೆ ಊರಿಗೆ ಬಂದಳು. ಬಂದವಳು ಒಂದು ಕಡೆ ಕೂಡಲಿಲ್ಲ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮಾಳಿಗೆ ಮೇಲೆ. ಅಲ್ಲಿ ಫೋನು ಚೆನ್ನಾಗಿ ಹತ್ತುತ್ತದಂತೆ. ಅವಳು ಅತ್ತಿಂದಿತ್ತ ತಿರುಗಿದಷ್ಟು ಹೊತ್ತೂ ಮಾಳಿಗೆಯ ಮಣ್ಣು ನನ್ನ ರೊಟ್ಟಿ ಹಿಟ್ಟಿಗೆ ಉದುರುತ್ತಿತ್ತು.

ಈ ಹೊಸ ಅರ್ಥಶಾಸ್ತ್ರದವರಿಗೆ ಒಬ್ಬೊಬ್ಬರಿಗೂ ಒಂದೊಂದು ವಿಷಯವಿರಬೇಕಂತೆ. ಅವಳ ಜೊತೆ ಓದಿದವಳೊಬ್ಬಳಿಗೆ ಉಳ್ಳಾಗಡ್ಡಿಯ ಬೆಲೆ. ಇನ್ನೊಬ್ಬನಿಗೆ, ಊರಿಗೆ ಬಸ್ಸು ನಿಂತರೆ ಹುಡುಗಿಯರ ಶಾಲೆ ಏನಾಗುತ್ತದೆ ಎಂಬುದು. ಇವಳದು ಹತ್ತಿ ಬಿಡಿಸುವ ಹೆಂಗಸರು. ಹೆಚ್ಚು ಕೂಲಿ ಕೊಡುತ್ತೇನೆಂದರೂ ಕೆಲವರ ಹೊಲಕ್ಕೆ ಅವರು ಯಾಕೆ ಹೋಗುವುದಿಲ್ಲ? ಇಷ್ಟೇ.

"ಇದಕ್ಕ ಡಾಕ್ಟರ್ ಆಗಬೇಕೇನ ಬೇ?" ಎಂದೆ.

"ಡಾಕ್ಟರ್ ಆಗೇನಿ ಆಯಿ. ಈಗ ನೌಕರಿ ಆಗಬೇಕು."

ಒಂದು ವಿಶ್ವವಿದ್ಯಾಲಯದವರು ಮುಂದಿನ ವಾರ ಕರೆದಿದ್ದರು. ಅಲ್ಲಿ ನಿಂತು ತನ್ನ ವಿಷಯ ಹೇಳಬೇಕು, ಒಪ್ಪಿದರೆ ನೌಕರಿ. ಅಂಕಿ-ಸಂಖ್ಯೆ ಅವಳ ಹತ್ತಿರ ಬೇಕಾದಷ್ಟಿತ್ತು. ಹೆಂಗಸರ ಬಾಯಿಂದ ಬಂದ ಉತ್ತರ ಇರಲಿಲ್ಲ. ಅದಿಲ್ಲದೆ ಹೋದರೆ ಯಾರೂ ಕಿವಿಗೊಡುವುದಿಲ್ಲ ಎಂದು ಗುರುಗಳು ಹೇಳಿಬಿಟ್ಟಿದ್ದರು.

ನಮ್ಮ ಊರಲ್ಲಿ ಕೂಲಿ ಹೆಂಗಸರ ಎರಡು ಗ್ಯಾಂಗುಗಳಿವೆ. ಮೇಲಿನ ಓಣಿಯದೊಂದು, ಕೆರೆ ಓಣಿಯದೊಂದು. ಒಂದು ಇಳಿದ ಹೊಲಕ್ಕೆ ಇನ್ನೊಂದು ಕಾಲಿಡುವುದಿಲ್ಲ. ಇವಳು ಸಂಜೆ ಎರಡೂ ಗ್ಯಾಂಗಿನ ಹಿರಿಯರ ಮನೆಗೆ ಹೋಗಿ ಬಂದಳು. ಇಷ್ಟು ಕೂಲಿ ಕೊಟ್ಟರೆ ಬರುತ್ತೀರಾ ಎಂದರೆ ಬರುತ್ತೇವೆ ಎಂದರಂತೆ. ನಾಳೆಯೇ ಕರೆದರೆ? ನಾಳೆಯೇ ಬರುತ್ತೇವೆ ಎಂದರಂತೆ. ಹುಡುಗಿ ಖುಷಿಯಲ್ಲಿ ಊಟವನ್ನೂ ನಿಂತೇ ಮಾಡಿದಳು.

ಮರುದಿನ ನಾನು ನಮ್ಮ ಹತ್ತಿ ಹೊಲಕ್ಕೆ ಹೋದರೆ ಬದುವಿನ ಮೇಲೆ ಎರಡೂ ಗ್ಯಾಂಗು ನಿಂತಿವೆ! ಕೈಯಲ್ಲಿ ಬುತ್ತಿ ಗಂಟು, ಹತ್ತಿ ತುಂಬುವ ಚೀಲ. ಒಬ್ಬರಿಗೊಬ್ಬರು ಬೆನ್ನು ತಿರುಗಿಸಿಕೊಂಡು ನಿಂತಿದ್ದರು. ಹೊಲದಲ್ಲಿ ನೋಡಿದರೆ ಬರೀ ಹಸಿರು ಕಾಯಿ, ಅಲ್ಲೊಂದು ಇಲ್ಲೊಂದು ಒಡೆದಿತ್ತು.

ಕೆರೆ ಓಣಿ ಗ್ಯಾಂಗಿನ ಹಿರಿಯಳ ಬಾಯಿ ಬಲು ಜೋರು. "ಏನ ಯಕ್ಕಾ, ಹಸರ ಕಾಯಿ ಹರದು ಪಲ್ಯಾ ಮಾಡ್ತಿಯೇನ?" ಎಂದಳು.

"ನಿಮಗ ಯಾರ ಬರ್ರಿ ಅಂದ್ರು?"

"ನಿನ್ನ ಮೊಮ್ಮಗಳು. ಎಲಿ-ಅಡಿಕಿ ಕೊಟ್ಟಾಳ."

ಆಗ ಗೊತ್ತಾಯಿತು. ನಮ್ಮಲ್ಲಿ ಸಂಜೆ ಹೊತ್ತು ಗ್ಯಾಂಗಿನವಳ ಕೈಗೆ ಎಲೆ-ಅಡಿಕೆ ಕೊಟ್ಟು ಕೂಲಿಯ ಮಾತೆತ್ತಿದರೆ ಕೆಲಸಕ್ಕೆ ಕರೆದಂತೆ. ಅವಳು ಬಾಯಿಗೆ ಹಾಕಿಕೊಂಡರೆ ಒಪ್ಪಿದಂತೆ. ಆಮೇಲೆ ಬೇರೆಯವರು ಎಷ್ಟೇ ಕೊಡುತ್ತೇನೆಂದರೂ ಹೋಗುವಂತಿಲ್ಲ. ಈ ಹುಡುಗಿ ಹಾಸ್ಟೆಲಿನಲ್ಲಿ ಬೆಳೆದದ್ದು. ಹಿರಿಯರ ಮನೆಗೆ ಬರಿಗೈಲಿ ಹೋಗಬಾರದೆಂದು ನನ್ನ ಎಲೆ ಡಬ್ಬಿಯನ್ನೇ ಬಗಲಲ್ಲಿಟ್ಟುಕೊಂಡು ಹೋಗಿದ್ದಾಳೆ.

ಕರೆಸಿದೆ. ಓಡುತ್ತಾ ಬಂದಳು. "ನಾ ಬರೇ ಕೇಳಾಕ ಬಂದಿದ್ದೆರಿ," ಎಂದಳು.

"ಕೇಳಾಕ ಬಂದಾಕಿ ಎಲಿ ಯಾಕ ಕೊಟ್ಟಿ? ಬೀಗತನಾ ಮಾಡಾಕ?" ಹೆಂಗಸರೆಲ್ಲ ನಕ್ಕರು. ಹಿರಿಯಳು ನಗಲಿಲ್ಲ. "ಅಣ್ಣಿಗೇರಿ ದಾರಿ ಹೊಲದಾಂವ ಗಾಡಿ ತಂದು ನಿಂದ್ರಿಸಿದ್ದ. ನಿನ್ನ ಎಲಿ ತಿಂದೇವಿ ಅಂತ ಅವನ್ನ ವಾಪಸ್ ಕಳಿಸೇವಿ."

ಮೇಲಿನ ಓಣಿಯವರನ್ನು ಮೆಣಸಿನ ಗಿಡದ ಕಳೆ ತೆಗೆಯಲು ಇಳಿಸಿದೆ. ಕೆರೆ ಓಣಿಯವರಿಗೆ ಕೊಡಲು ಕೆಲಸವಿರಲಿಲ್ಲ, ಇದ್ದರೂ ಅವರು ಇಳಿಯುತ್ತಿರಲಿಲ್ಲ. ಗಂಟು ತಲೆ ಮೇಲಿಟ್ಟು ಹೊರಟರು. ಮೊಮ್ಮಗಳು ಬೆನ್ನು ಹತ್ತಿದಳು.

"ದೊಡ್ಡವ್ವಾ, ಸಿಟ್ಟಾಗಬ್ಯಾಡ್ರಿ. ನಿನ್ನೆ ಹೇಳಿದ್ದರ ಖರೇ ಅಲ್ರಿ? ಅಷ್ಟ ಕೂಲಿ ಕೊಟ್ರ ಬರ್ತೀವಿ ಅಂದದ್ದು?"

"ನೀ ಕರಿಯಾಕ ಬಂದಾಕಿ ಅಂತ ಹೇಳಿದ್ದು ಅದು. ಚೌಕಾಶಿ. ಖರೇ ಬ್ಯಾರೇ ಐತಿ."

"ಖರೇ ಏನ್ರಿ?"

"ಹೊತ್ತ ಹಾಳ ಮಾಡಿ, ಮ್ಯಾಲ ಖರೇನೂ ಬೇಕೇನ ನಿನಗ?" ಎಂದು ನಡೆದುಬಿಟ್ಟಳು.

ಹುಡುಗಿ ಮತ್ತೆ ಮಾಳಿಗೆ ಹತ್ತಿದಳು. ಎರಡೂ ಓಣಿಯವರು ಹೇಳಿದ್ದು ಚೌಕಾಶಿಯ ಮಾತು, ಒಂದೂ ಕೆಲಸಕ್ಕೆ ಬರುವಂಥದ್ದಲ್ಲ. ನಾನು ಕೆಳಗಿನಿಂದಲೇ ಹೇಳಿದೆ: "ಅವರು ಅಂದದ್ದನ್ನ ಅಲ್ಲಿ ಹೇಳಿಬಿಡು. ಆ ಮಂದಿಗೆ ನಮ್ಮೂರ ಎಲಿ-ಅಡಿಕಿ ಏನ ಗೊತ್ತೈತಿ? ನೌಕರಿ ಮೊದಲ, ಖರೇ ಆಮ್ಯಾಲ."

"ಸುಳ್ಳಿನ ಮ್ಯಾಲ ಹೆಂಗ ಕಟ್ಲಿ ಆಯಿ?"

"ಲಗ್ನದ ಮಾತಿನ್ಯಾಗ ಎಷ್ಟ ಸುಳ್ಳ ಹೇಳ್ತಾರ. ಸಂಸಾರ ನಡಿಯೂದಿಲ್ಲೇನ?"

ಮಾಳಿಗೆಯ ಮಣ್ಣು ಮತ್ತೆ ಉದುರತೊಡಗಿತು. ಅವಳು ಹೋಗುವ ದಿನ ಬಸ್ಸು ಹತ್ತಿಸಿ ಬಂದೆ. ಅಂದು ನನಗೂ ಕೂತಲ್ಲಿ ಕೂಡಲಾಗಲಿಲ್ಲ. ಕಾಳು ಹಸನು ಮಾಡಲು ಕೂತೆ, ಎದ್ದೆ, ಮತ್ತೆ ಕೂತೆ. ಸಂಜೆ ಫೋನು ಬಂತು.

"ಹೆಂಗಸರ ಉತ್ತರ ಎಲ್ಲಿ ಅಂತ ಕೇಳಿದ್ರು. ಇಲ್ಲ ಅಂದೆ. ಯಾಕ ಇಲ್ಲ ಅಂತನೂ ಹೇಳಿದೆ. ನಕ್ಕರು."

"ನಕ್ಕರು ಅಂದ್ರ ಕೊಡ್ತಾರ."

"ನಗೂದು ಬ್ಯಾರೆ, ಕೊಡೂದು ಬ್ಯಾರೆ ಆಯಿ."

ಅವಳು ಅಂದದ್ದೇ ಆಯಿತು. ನೌಕರಿ ಬೇರೆ ಯಾರಿಗೋ ಹೋಯಿತು. ನನಗೆ ಸಿಟ್ಟು ಬಂತು, ಅವಳ ಮೇಲೆಯೇ.

ಹತ್ತಿ ಒಡೆದ ಮೇಲೆ ತಿರುಗಿ ಬಂದಳು. ಬಂದ ಮರುದಿನ ನಸುಕಿನಲ್ಲಿ ನನ್ನದೊಂದು ಹಳೆಯ ಸೀರೆಯನ್ನು ತಲೆಗೆ ಸುತ್ತಿಕೊಂಡು ಕೆರೆ ಓಣಿಗೆ ನಡೆದಳು. ತಡೆಯಲಾರದೆ ನಾನೂ ಹಿಂದೆ ಹೋದೆ. ಅಲ್ಲಿ ಹೆಂಗಸರು ಟಂಟಂ ಗಾಡಿ ಹತ್ತುತ್ತಿದ್ದರು.

"ಈಗೇನ ಕೇಳಾಕ ಬಂದಿ?" ಎಂದಳು ಹಿರಿಯಳು.

"ಏನೂ ಕೇಳಂಗಿಲ್ರಿ. ಬಿಡಸಾಕ ಬಂದೇನಿ."

"ಸಾಲಿನ್ಯಾಗ ಹಿಂದ ಬಿದ್ರ ಬೈತೀನಿ ನೋಡು."

"ಬೈರಿ."

ಒಬ್ಬಳು ಸರಿದು ಜಾಗ ಕೊಟ್ಟಳು. ಗಾಡಿ ಶುರುವಾಯಿತು. ಯಾರ ಹೊಲಕ್ಕೆ ಹೊರಟಿರಿ ಎಂದು ಕೂಗಿ ಕೇಳಿದೆ. ಮೊಮ್ಮಗಳಿಗೂ ಗೊತ್ತಿರಲಿಲ್ಲ. ಹಿರಿಯಳ ಮುಖ ನೋಡಿದಳು. ಹಿರಿಯಳು ಹೇಳಲಿಲ್ಲ. ಇವಳೂ ಕೇಳಲಿಲ್ಲ.